ಪದ ಒಂದೇ, ಆದರೂ ಸ್ಕ್ರಿಪ್ಟ್ ‘ನಕಲು’ ಅಂತ ಗುರುತು ಹಾಕುತ್ತಿಲ್ಲ

ಪ್ರಶ್ನೆ: ನಮಸ್ಕಾರ ಸರ್. ಬೇರೆ ಬೇರೆಯವರು ಟೈಪ್ ಮಾಡಿದ ಪದಪಟ್ಟಿಗಳನ್ನು ಒಂದೇ ಟೆಕ್ಸ್ಟ್ ಫೈಲ್‌ಗೆ ಸೇರಿಸಿದ್ದೇನೆ, ಸಾಲಿಗೊಂದು ಪದ. ಮತ್ತೆ ಬಂದ ಪದದ ಪಕ್ಕ ‘ನಕಲು’ ಅಂತ ಬರೆಯಲು ಪೈಥಾನ್ ಸ್ಕ್ರಿಪ್ಟ್ ಮಾಡಿದೆ. ಸಾಲು ಓದುತ್ತದೆ, ಈಗಾಗಲೇ ಕಂಡ ಸಾಲುಗಳನ್ನಿಟ್ಟುಕೊಳ್ಳುವ ಸಂಗ್ರಹದಲ್ಲಿ (ಸೆಟ್) ಮೊದಲೇ ಇದ್ದರೆ ಗುರುತು ಹಾಕುತ್ತದೆ, ಇಲ್ಲದಿದ್ದರೆ ಸೇರಿಸಿಕೊಳ್ಳುತ್ತದೆ. ಎರರ್ ಏನೂ ಬರುತ್ತಿಲ್ಲ. ಆದರೆ ‘ಕೊಡುಗೆ’ ಮೂರು ಕಡೆ ಇದ್ದರೂ ಒಂದಕ್ಕೂ ಗುರುತು ಬಿದ್ದಿಲ್ಲ. ಕೆಲವು ಪಟ್ಟಿಗಳು ವಿಂಡೋಸ್‌ನಲ್ಲಿ ಮಾಡಿದವು. ಸಾಲಿನ ಕೊನೆಯ ಗುರುತು ಬೇರೆ ಇರುವುದರಿಂದ ಹೀಗಾಗಿದೆಯೇ?

ಉತ್ತರ: ನಮಸ್ಕಾರ. ವಿಂಡೋಸ್ ಕಾರಣವಲ್ಲ ಅನಿಸುತ್ತದೆ. ಪೈಥಾನ್ ಫೈಲನ್ನು ಟೆಕ್ಸ್ಟ್ ಆಗಿ ತೆರೆದಾಗ ಆ ವ್ಯತ್ಯಾಸವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಆಕ್ ಎಂಬ ಪಠ್ಯ ಸಂಸ್ಕರಣೆಯ ಉಪಕರಣ ಬಳಸಿದ್ದರೆ ನಿಮ್ಮ ಅನುಮಾನ ಸರಿಯಿರುತ್ತಿತ್ತು. ಊಹೆ ಬೇಡ, ನೋಡಿಬಿಡೋಣ. ಆ ಮೂರು ಸಾಲುಗಳ ಪ್ರತಿ ಅಕ್ಷರಕ್ಕೂ ‘ಆರ್ಡ್’ ಫಂಕ್ಷನ್ ಕೊಡುವ ಸಂಖ್ಯೆಗಳನ್ನು ಪ್ರಿಂಟ್ ಮಾಡಿ ಇಲ್ಲಿ ಹಾಕಿ. ‘ರೆಪ್ರ್’ ಸಾಲದು, ಅದು ಕನ್ನಡ ಅಕ್ಷರಗಳನ್ನು ಹಾಗೆಯೇ ತೋರಿಸುತ್ತದೆ.

ಪ್ರಶ್ನೆ: ಹಾಕಿದ್ದೇನೆ ಸರ್.
ಮೊದಲನೆಯದು: 3221, 3274, 3233, 3265, 3223, 3270, 10
ಎರಡನೆಯದು: 3221, 3270, 3266, 3233, 3265, 3223, 3270, 10
ಮೂರನೆಯದು: 3221, 3274, 3233, 3265, 3223, 3270
ಮೂರನೆಯದು ಫೈಲ್‌ನ ಕಟ್ಟಕಡೆಯ ಸಾಲು.

ಉತ್ತರ: ಎಲ್ಲ ಇಲ್ಲೇ ಇದೆ ನೋಡಿ. 10 ಅಂದರೆ ಹೊಸ ಸಾಲಿನ ಗುರುತು. ಕೊನೆಯ ಸಾಲಿಗೆ ಅದಿಲ್ಲ, ಹಾಗಾಗಿ ಅದು ಮೊದಲನೆಯದಕ್ಕೆ ಹೊಂದಲಿಲ್ಲ. ‘ಸ್ಟ್ರಿಪ್’ ಮಾಡಿದರೆ ಇದು ಹೋಗುತ್ತದೆ, ಅಂಚಿನ ಖಾಲಿ ಜಾಗವೂ ಹೋಗುತ್ತದೆ.

ಎರಡನೆಯದು ಕನ್ನಡ ಪಠ್ಯದಲ್ಲಿ ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕಾದ ವಿಷಯ. ‘ಕೊ’ದ ಒತ್ವವನ್ನು ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಮಾನದಂಡ) 3274 ಎಂಬ ಒಂದೇ ಚಿಹ್ನೆಯಾಗಿ ಬರೆಯಬಹುದು, ಎತ್ವ (3270) ಮತ್ತು ಊತ್ವ (3266) ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕೀ, ಕೇ, ಕೈ, ಕೋಗಳಲ್ಲೂ ಇದೇ ಕಥೆ. ಯೂನಿಕೋಡ್ ಪ್ರಕಾರ ಇವು ಸಮಾನ, ಆದರೆ ಪೈಥಾನ್ ಸಂಖ್ಯೆಗಳನ್ನಷ್ಟೇ ಹೋಲಿಸುತ್ತದೆ. ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ‘ನಾರ್ಮಲೈಸ್’ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ (ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ರೂಪ) ಅಂತ ಕೊಟ್ಟರೆ ಎರಡೂ 3274 ಆಗುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಈ ಶುದ್ಧೀಕರಣ ಹೋಲಿಕೆಗೆ ಮಾತ್ರ ಇರಲಿ. ಶುದ್ಧ ಮಾಡಿದ ರೂಪವನ್ನು ಬೇರೆ ವೇರಿಯಬಲ್‌ನಲ್ಲಿಟ್ಟು ಸೆಟ್‌ಗೆ ಹಾಕಿ, ಬರೆಯುವಾಗ ಮೂಲ ಸಾಲನ್ನೇ ಬರೆಯಿರಿ, ಅದೂ ಹೊಸ ಫೈಲ್‌ಗೆ. ಜನ ಕಷ್ಟಪಟ್ಟು ಟೈಪ್ ಮಾಡಿದ್ದನ್ನು ಸ್ಕ್ರಿಪ್ಟ್ ಸದ್ದಿಲ್ಲದೆ ತಿದ್ದಬಾರದು. ಮೂಲ ಫೈಲ್‌ನ ಮೇಲೇ ಬರೆದರೆ ಮುಂದಿನ ಸಲ ‘ಕೊಡುಗೆ ನಕಲು’ ಎಂಬುದೇ ಹೊಸ ಪದವಾಗಿಬಿಡುತ್ತದೆ.

ಪ್ರಶ್ನೆ: ಸರಿಯಾಯಿತು ಸರ್, ತುಂಬಾ ಧನ್ಯವಾದ! ಈಗ ಖಾಲಿ ಸಾಲುಗಳಿಗೂ ‘ನಕಲು’ ಬೀಳುತ್ತಿದೆ. ‘ಸಾಫ್ಟ್‌ವೇರ್’, ‘ಸಾಫ್ಟ್ವೇರ್’ ಮಾತ್ರ ಇನ್ನೂ ಬೇರೆ ಬೇರೆ. ಜೊತೆಗೆ, ಮೊದಲ ಸಲ ಬಂದ ಪದಕ್ಕೂ ಗುರುತು ಬೇಕಿತ್ತು.

ಉತ್ತರ: ಸ್ಟ್ರಿಪ್ ಆದ ಮೇಲೆ ಏನೂ ಉಳಿಯದ ಸಾಲನ್ನು ಹಾಗೇ ಬರೆದು ಮುಂದೆ ಹೋಗಿ. ಮೊದಲನೆಯದಕ್ಕೂ ಗುರುತು ಬೇಕೆಂದರೆ ಒಂದೇ ಸುತ್ತಿನಲ್ಲಿ ಆಗದು. ಅದು ಮತ್ತೆ ಬರುತ್ತದೆಂದು ಆಗ ಸ್ಕ್ರಿಪ್ಟ್‌ಗೆ ಗೊತ್ತಿರುವುದಿಲ್ಲವಲ್ಲ. ಮೊದಲ ಸುತ್ತಿನಲ್ಲಿ ‘ಕೌಂಟರ್’ ಬಳಸಿ ಎಣಿಸಿ, ಎರಡನೆಯದರಲ್ಲಿ ಎಣಿಕೆ ಒಂದಕ್ಕಿಂತ ಹೆಚ್ಚಿದ್ದರೆ ಗುರುತು ಹಾಕಿ.

‘ಸಾಫ್ಟ್‌ವೇರ್’ನ ನಡುವೆ 8204 ಎಂಬ ಕಾಣದ ಅಕ್ಷರವಿದೆ, ಒತ್ತಕ್ಷರವಾಗದಂತೆ ತಡೆಯುವುದು ಅದೇ. ಎನ್‌ಎಫ್‌ಸಿ ಆಗಲಿ ಸ್ಟ್ರಿಪ್ ಆಗಲಿ ಅದನ್ನು ಮುಟ್ಟುವುದಿಲ್ಲ. ಹೋಲಿಕೆಯ ರೂಪದಿಂದ ನೀವೇ ತೆಗೆಯಬೇಕು, ಜೊತೆಗೆ ಅದರಂತೆಯೇ ಕಾಣದ, ಅಕ್ಷರಗಳನ್ನು ಜೋಡಿಸುವ 8205 ಅನ್ನೂ. ಆದರೆ ಇವೆರಡು ಬರಹಗಳು ಕಣ್ಣಿಗೂ ಬೇರೆಯಾಗಿಯೇ ಕಾಣುತ್ತವೆ, ಆದ್ದರಿಂದ ಇಂಥವಕ್ಕೆ ‘ನಕಲು’ ಬದಲು ‘ಪರಿಶೀಲಿಸಿ’ ಅಂತ ಹಾಕುವುದು ನನಗೆ ಸರಿ ಅನಿಸುತ್ತದೆ. ಯಾವ ಕಾಗುಣಿತ ಉಳಿಯಬೇಕೆಂದು ಪಟ್ಟಿ ಮಾಡಿದವರು ತೀರ್ಮಾನಿಸಲಿ.