ಹೌಸ್ ರೂಲ್‌ಗಳನ್ನು (ಆಡುವವರೇ ಸೇರಿಸಿಕೊಳ್ಳುವ ನಿಯಮಗಳನ್ನು) ನಿಮ್ಮ ತಂಡ ಹೇಗೆ ಸ್ವೀಕರಿಸಿತು? – ಅನುಭವ ಹಂಚಿಕೆ

ಪ್ರಶ್ನೆ, ಸೋಮವಾರಪೇಟೆಯಿಂದ: ಈ ಮಳೆಗಾಲದಿಂದ ನಾವು ಐವರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಹಾಕುತ್ತ ಕಥೆ ಕಟ್ಟುವ ಆಟ) ಆಡುತ್ತಿದ್ದೇವೆ, ಆಟ ನಡೆಸುವವನು ನಾನು. ಹೊಡೆತದ ದಾಳದಲ್ಲಿ ಒಂದು ಬಿದ್ದರೆ ಆಯುಧ ಕೈಜಾರಬೇಕೆಂಬ ನಿಯಮ ಸೇರಿಸೋಣ ಎಂದಾಗ ಇಬ್ಬರ ಮುಖ ಸಣ್ಣದಾಯಿತು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ: ಆ ಇಬ್ಬರು ಯಾವ ಪಾತ್ರ ಆಡುತ್ತಿದ್ದಾರೆಂದು ಮೊದಲು ನೋಡಿ. ಇದೇ ನಿಯಮವನ್ನು ನಾನೂ ತಂದಿದ್ದೆ, ಅದೂ ಆಟದ ನಡುವೆ. 2014ರ ಐದನೆಯ ಆವೃತ್ತಿಯ ಪ್ರಕಾರ ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದರೆ ಆ ಹೊಡೆತ ತಪ್ಪುತ್ತದೆ, ಅದಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲ. ಒಂದೇ ಹೊಡೆತವಾದರೆ ಒಂದು ಬೀಳುವ ಸಂಭವ ನೂರಕ್ಕೆ 5. ಆದರೆ ಆಯುಧ ಹಿಡಿದು ಕಾದಾಡುವ ಫೈಟರ್ ಪಾತ್ರಕ್ಕೆ 5ನೇ ಹಂತದಲ್ಲಿ ಸರದಿಗೆ ಎರಡು ಹೊಡೆತ, 11ನೇ ಹಂತದಲ್ಲಿ ಮೂರು, 20ನೇ ಹಂತದಲ್ಲಿ ನಾಲ್ಕು. ನಾಲ್ಕು ಬಾರಿ ದಾಳ ಉರುಳಿಸುವವನಿಗೆ ಪ್ರತಿ ಸರದಿಯಲ್ಲಿಯೂ ಒಮ್ಮೆಯಾದರೂ ಒಂದು ಬೀಳುವ ಸಂಭವ ನೂರಕ್ಕೆ 18ನ್ನು ದಾಟುತ್ತದೆ. ಅತ್ತ ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರ ಎಸೆಯುವ ಮಾಂತ್ರಿಕ ಹೊಡೆತದ ದಾಳವನ್ನೇ ಮುಟ್ಟುವುದಿಲ್ಲ. ತಪ್ಪಿಸಿಕೊಳ್ಳಲು ದಾಳ ಹಾಕಬೇಕಾದವರು ಎದುರಾಳಿಗಳು. ಎಲ್ಲರಿಗೂ ಸಮಾನವೆಂದು ನಾನು ನಂಬಿದ್ದ ನಿಯಮದ ಭಾರವೆಲ್ಲ ಒಬ್ಬನ ಮೇಲೆಯೇ ಬೀಳುತ್ತಿತ್ತು.

ಇದು ನನಗೆ ಅರ್ಥವಾದದ್ದು ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಒಂದು ಸಂಜೆ. ಕರೆಂಟ್ ಹೋಗಿ, ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಆಡುತ್ತಿದ್ದೆವು. ನಮ್ಮ ಫೈಟರ್‌ನ ಕತ್ತಿ ಅಂದು ಮೂರನೆಯ ಸಲ ಕೈಜಾರಿತು. ಆತ ಮಾತನಾಡದೆ ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, "ಅಣ್ಣಾ, ನನ್ನ ಪಾತ್ರ ಬಲಿತಷ್ಟೂ ಕೈಲಾಗದವನಾಗುತ್ತಿದ್ದಾನಲ್ಲ" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರ ನಿಯಮ ತೆಗೆದೆ, ಆದರೆ ಅವನ ಉತ್ಸಾಹ ಮರಳಲು ತಿಂಗಳುಗಳೇ ಬೇಕಾದವು. ಪಾತ್ರ ಕಟ್ಟುವ ಮೊದಲೇ ಹೇಳಿದ್ದರೆ ಆತ ಬೇರೆ ಪಾತ್ರ ಆರಿಸಿಕೊಳ್ಳುತ್ತಿದ್ದನೇನೋ; ಆರಿಸಿಕೊಂಡ ಮೇಲೆ ನೆಲ ಜಾರಿಸಿದ್ದು ನನ್ನ ತಪ್ಪು.

ಗೋಣಿಕೊಪ್ಪಲಿನಿಂದ: ಅನುಕೂಲ ಮಾಡಿಕೊಡುವ ನಿಯಮವನ್ನು ನಮ್ಮಲ್ಲಿ ಯಾರೂ ವಿರೋಧಿಸಿದ್ದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟವಿರುವ ಇಬ್ಬರಿಗೆ ಬರಲಾಗುವುದಿಲ್ಲ. ಆಡಿದವರಿಗೆ ಮಾತ್ರ ಅನುಭವ ಅಂಕ ಕೊಟ್ಟರೆ ಅವರ ಪಾತ್ರಗಳು ಹಿಂದೆ ಬೀಳುತ್ತವೆಂದು ಅಂಕದ ಲೆಕ್ಕ ಬಿಟ್ಟು, ಕಥೆ ಒಂದು ಘಟ್ಟ ಮುಟ್ಟಿದಾಗ ಎಲ್ಲರೂ ಒಟ್ಟಿಗೆ ಮೇಲಿನ ಹಂತಕ್ಕೇರುವಂತೆ ಮಾಡಿದೆವು. ಪಾತ್ರವೊಂದು ಔಷಧಿ ಕುಡಿಯಲು ಇಡೀ ಸರದಿಯ ಮುಖ್ಯ ಕ್ರಿಯೆ ವ್ಯಯವಾಗಬಾರದೆಂದೂ ಸಡಿಲಿಸಿದ್ದೆವು. 2024ರ ಪರಿಷ್ಕೃತ ಪುಸ್ತಕದಲ್ಲಿ ಅದೇ ಅಧಿಕೃತ ನಿಯಮವಾಗಿದೆ.

ವಿರಾಜಪೇಟೆಯಿಂದ: ಮಡಿಕೇರಿಯವರ ಲೆಕ್ಕ ಸರಿ, ಆದರೂ ಆ ನಿಯಮವನ್ನು ಪೂರ್ತಿ ಕೈಬಿಡಬೇಕಿಲ್ಲವೆಂಬುದು ನನ್ನ ಅನಿಸಿಕೆ. ನಮ್ಮ ತಂಡ ಅದನ್ನು ಸಂತೋಷದಿಂದಲೇ ಆಡುತ್ತಿದೆ. ಸರದಿಯ ಮೊದಲ ಹೊಡೆತಕ್ಕೆ ಮಾತ್ರ ಅದು ಅನ್ವಯ. ಏನಾಯಿತೆಂದು ಹೇಳುವ ಹಕ್ಕು ದಾಳ ಹಾಕಿದವರದೇ. ಕಾಲು ಕೆಸರಿನಲ್ಲಿ ಹೂತಿತೆನ್ನಬಹುದು, ಬಿಲ್ಲಿನ ಹೆದೆ ಕಡಿಯಿತೆನ್ನಬಹುದು. ಅವಮಾನವನ್ನು ಇನ್ನೊಬ್ಬರು ಹೇರುವುದಕ್ಕೂ ತಾವೇ ಕಥೆ ಕಟ್ಟಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ನಿಯಮವನ್ನು ಮೊದಲೇ ಮಾತಾಡಿಕೊಳ್ಳುವುದು ಚೌಕಾಬಾರ ಆಡಿದವರಿಗೆ ಹೊಸದೇನಲ್ಲ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ ಎಂಬುದು ಮನೆಯಿಂದ ಮನೆಗೆ ಬೇರೆ, ಆದ್ದರಿಂದಲೇ ಕವಡೆ ಎತ್ತುವ ಮೊದಲು ಕೇಳಿಕೊಳ್ಳುತ್ತೇವೆ. ಹೊಸ ನಿಯಮವನ್ನು ನಾವು ಮೂರು ವಾರದ ಪರೀಕ್ಷೆಗೆಂದೇ ತರುತ್ತೇವೆ, ನಾಲ್ಕನೆಯ ವಾರ ಆಟಕ್ಕೆ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತೇವೆ. ಮಾತು ಕಡಿಮೆ ಆಡುವವರನ್ನು ಮೊದಲು ಕೇಳಿ. ನಿಮ್ಮಲ್ಲಿ ಮುಖ ಸಣ್ಣದು ಮಾಡಿಕೊಂಡ ಇಬ್ಬರಿಂದಲೇ ಆರಂಭಿಸಬಹುದು.