ಸಹಾಯ ಬೇಕು: ಕೃತಕ ಕಾಲಿನವರಿಗೆ ಟ್ರೆಡ್‌ಮಿಲ್, ಕಾರವಾರದ ಹತ್ತಿರ ಎಲ್ಲಿದೆ?

ನಮಸ್ಕಾರ. ಸಕ್ಕರೆ ಕಾಯಿಲೆಯಿಂದ ನಮ್ಮ ಅಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಈಗ ಕೃತಕ ಕಾಲು ಬಂದಿದೆ, ಮನೆಯೊಳಗೆ ವಾಕರ್ ಹಿಡಿದು ಓಡಾಡುತ್ತಾರೆ. ಆದರೆ ಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲು ಊರಿದ ಕೂಡಲೇ ಗಡಿಬಿಡಿಯಲ್ಲಿ ಎತ್ತಿಬಿಡುತ್ತಾರೆ. ಹೆಜ್ಜೆ ಒಂದು ಉದ್ದ, ಒಂದು ಗಿಡ್ಡ.

ಟ್ರೆಡ್‌ಮಿಲ್ ಮೇಲೆ ನಡೆಸಿ, ಪಟ್ಟಿ ಒಂದೇ ವೇಗದಲ್ಲಿ ಓಡುವುದರಿಂದ ಹೆಜ್ಜೆ ಸಮ ಮಾಡುವುದು ಸುಲಭ ಎಂದರು ಫಿಸಿಯೋಥೆರಪಿಸ್ಟ್. ಸರಿ, ಆದರೆ ಎಲ್ಲಿ? ಟ್ಯಾಗೋರ್ ಬೀಚಿನ ಮರಳಲ್ಲಿ ಪಾದ ಹೂತುಹೋಗುತ್ತದೆ. ಮಳೆಗಾಲದ ಅಂಗಳ ಪೂರ್ತಿ ಪಾಚಿ, ನಮಗೇ ಕಾಲು ಜಾರುತ್ತದೆ! ಒಂದು ಜಿಮ್‌ಗೆ ಹೋದೆವು. ಅಲ್ಲಿನ ಯಂತ್ರ ಶುರುವಾಗುವುದೇ ಗಂಟೆಗೆ 1 ಕಿ.ಮೀ. ವೇಗದಲ್ಲಿ. ಅಪ್ಪನಿಗೆ ಅದೂ ಜಾಸ್ತಿ, ಹೆದರಿ ಇಳಿದುಬಿಟ್ಟರು.

ಕಾರವಾರ, ಅಂಕೋಲಾ, ಕುಮಟಾ ಕಡೆ ಇನ್ನೂ ನಿಧಾನ ಓಡುವ, ಎರಡೂ ಬದಿ ಉದ್ದ ಹಿಡಿಕೆ ಇರುವ ಯಂತ್ರ ಎಲ್ಲಾದರೂ ಇದೆಯಾ? ಮೇಲಿನಿಂದ ಬೆಲ್ಟ್ ಕಟ್ಟಿ ಹಿಡಿಯುವ ವ್ಯವಸ್ಥೆ ಇದ್ದರಂತೂ ಪುಣ್ಯ. ಶಿರಸಿಯಾದರೂ ಸರಿ, ಘಟ್ಟ ಹತ್ತುತ್ತೇವೆ.

ಕೃತಕ ಕಾಲು ಹಾಕುವವರು ಯಾರಾದರೂ ಇದ್ದರೆ ಹೇಳಿ: ಶುರುವಿಗೆ ಎಷ್ಟು ನಿಮಿಷ ನಡೆದಿರಿ? ನಮ್ಮ ಸೆಕೆಗೆ ಸಾಕೆಟ್ (ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಭಾಗ) ಒಳಗೆ ಬೆವರಿ ಚರ್ಮ ಕೆಂಪಾಗುತ್ತದೆ, ನೀವೇನು ಮಾಡುತ್ತೀರಿ? ದುಡ್ಡಿನ ಸಹಾಯ ಬೇಡ, ಮಾಹಿತಿ ಸಾಕು.