ಇಲಿ ಆಯಸ್ಸು, ಬಸಣ್ಣನ ತೊಡೆ

ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು, ಮಂಡಕ್ಕಿ ಅಂಗಡಿಯಲ್ಲಿ ಎರಡು ಸುತ್ತು ತಿನ್ನೋ ಗುಂಪು.

"ಡಾಕ್ಟ್ರೇ, ಇಲಿ ಆಯಸ್ಸು ಹೆಚ್ಚಿಸೋ ಮಾತ್ರೆ ಬಂದೈತಂತೆ?" ಬಸಣ್ಣ ಮಿರ್ಚಿ ಮುರಿದ.

"ರಾಪಮೈಸಿನ್. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. 600 ದಿನ ತುಂಬಿದ ಮುದಿ ಇಲಿಗಳಿಗೆ ಮೇವಿನಾಗೆ ಬೆರೆಸಿ ಕೊಟ್ರು. 2009ರಾಗೆ ಲೆಕ್ಕ ಹೊರಗೆ ಬಂತು. ನೂರಕ್ಕೆ ತೊಂಬತ್ತು ಇಲಿ ಸಾಯೋ ವಯಸ್ಸು ಗಂಡಿಗೆ ಶೇ 9, ಹೆಣ್ಣಿಗೆ ಶೇ 14 ಮುಂದಕ್ಕೆ ಹೋತು."

"ನಾವು ರೊಕ್ಕ ಕೊಟ್ಟು ಇಲಿ ಪಾಷಾಣ ತರ್ತೀವಿ, ಅವರು ರೊಕ್ಕ ಸುರಿದು ಇಲಿ ಸಾಕ್ತಾರೆ," ಅಂದ ಹಾಲೇಶಿ.

"ಕೋಶದಾಗೆ ಎಂಟಾರ್ ಅಂತೊಬ್ಬ ಮೇಸ್ತ್ರಿ ಅದಾನೆ. ಊಟ ಬಿತ್ತೋ, 'ಕಟ್ರೋ, ಕಟ್ರೋ' ಅಂತ ಒದರ್ತಾನೆ. ಈ ಮಾತ್ರೆ ಅವನ ಬಾಯಿ ಮುಚ್ಚಿಸ್ತೈತಿ. ಆಗ ಕೋಶ ಒಳಗಿನ ಕಸ ಗುಡಿಸ್ಕೊಂತೈತಿ."

"ಬರ್ಕೊಡ್ರಿ ಮತ್ತೆ!"

"ಕಿಡ್ನಿ ಕಸಿ ಆದೋರಿಗೆ ಕೊಡೋದಪ್ಪಾ, ರೋಗನಿರೋಧಕ ಶಕ್ತಿ ತಗ್ಗಿಸಾಕೆ. ಗಾಯ ಬೇಗ ಮಾಯಲ್ಲ, ಬಾಯಿ ಹುಣ್ಣು ಬರ್ತೈತಿ. ಮನುಷ್ಯರ ಆಯಸ್ಸು ಬೆಳೆಸಿದ್ದಂತೂ ಸಾಬೀತಾಗಿಲ್ಲ."

ಬಾಯಿ ಹುಣ್ಣು ಅಂದದ್ದೇ ಬಸಣ್ಣ ಮಿರ್ಚಿ ತಟ್ಟೆ ಹತ್ತಿರಕ್ಕೆ ಎಳ್ಕೊಂಡ.

"ನಿನ್ನ ತೊಡೆ ನೋಡ್ಕೋ ಮೊದಲು. ವಯಸ್ಸಾದಂಗೆಲ್ಲ ಸ್ನಾಯು ಕರಗಿ ಆ ಜಾಗಕ್ಕೆ ಕೊಬ್ಬು ಬರ್ತೈತಿ. ಮಂಡಕ್ಕಿ ಚೀಲ ಇದ್ದಂಗೆ, ಗಾತ್ರ ಐತಿ, ತೂಕಿಲ್ಲ. ಅದರಾಗೂ ತಟ್ಟನೆ ಎದ್ದೇಳಿಸೋ ಎಳೆಗಳೇ ಮೊದಲು ಸೊರಗ್ತಾವ. ಎಡವಿದ್ರೆ ಸಾವರಿಸ್ಕೊಳ್ಳಾಕೆ ಬೇಕಾದವೂ ಅವೇ."

"ದಿನಾ ಕೆರೆ ಸುತ್ತು ಹಾಕ್ತೀನಲ್ರೀ."

"ಅದು ಎದೆಗೆ ಚಲೋ, ತೊಡೆಗೆ ಸಾಲದು. ಕುರ್ಚೀನ ಗೋಡೆಗೆ ಒತ್ತಿಡು, ಇಲ್ಲಾಂದ್ರೆ ಜಾರ್ತೈತಿ. ಕೈ ಎದೆ ಮೇಲೆ ಕಟ್ಕೊಂಡು ಐದು ಸಲ ಎದ್ದು ಕೂತ್ಕೋ. ಐದನೇದಕ್ಕೆ ನೆಟ್ಟಗೆ ನಿಂತಾಗ ಗಡಿಯಾರ ನಿಲ್ಸು. 12 ಸೆಕೆಂಡೋ ಮೇಲೋ ಆದ್ರೆ ಕಾಲು ಸೋತಾವ ಅಂತ. 2019ರಾಗೆ ಏಷ್ಯಾದ ತಜ್ಞರು ಇಟ್ಟ ಅಳತೆ ಇದು."

ಬಸಣ್ಣ ಶುರು ಮಾಡಿದ. ಮೂರನೇದಕ್ಕೆ ಪೂರ್ತಿ ನಿಲ್ಲದೇ ಕುಸಿದ.

"ಅರ್ಧ ಎದ್ದಿದ್ದು ಲೆಕ್ಕಕ್ಕಿಲ್ಲ!" ಹಾಲೇಶಿ ಅಂಪೈರ್ ಆದ. "ಹದಿನೈದು ಸೆಕೆಂಡ್!"

"ವಾರಕ್ಕೆ ಎರಡು ದಿನನಾದ್ರೂ ಇದನ್ನೇ ಮಾಡು. ಹತ್ತತ್ತರಂಗೆ ಎರಡು ಸುತ್ತು. ಏಳೋದು ಚುರುಕು, ಕೂರೋದು ಮೂರು ಎಣಿಸ್ಕೊಂತ ನಿಧಾನ. ಧಪ್ಪಂತ ಬಿದ್ರೆ ಅರ್ಧ ಕೆಲಸ ಕುರ್ಚಿನೇ ಮಾಡಿದಂಗೆ. ಕಿಡ್ನಿ ತೊಂದ್ರೆ ಇಲ್ಲಾಂದ್ರೆ ಕೆಜಿ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್. ನಿನ್ನ 60 ಕೆಜಿಗೆ 60–72 ಗ್ರಾಂ. ಒಂದು ಮೊಟ್ಟೆಗೆ ಆರು ಗ್ರಾಂ, ಒಂದು ಲೋಟ ಹಾಲಿಗೂ ಹೆಚ್ಚುಕಡಿಮೆ ಅಷ್ಟೇ."

"ಮಿರ್ಚಿ ಮೇಲಿರೋದೂ ಕಡ್ಲೆ ಹಿಟ್ಟೇ ಅಲ್ಲೇನ್ರೀ?"

ಡಾಕ್ಟ್ರು ಉತ್ತರ ಹುಡುಕೋದ್ರಾಗೆ ಅಂಗಡಿಯವ ಬಂದ. "ಕುರ್ಚಿ ಬಿಡ್ರಿ, ಗಿರಾಕಿ ನಿಂತಾರೆ."

ಬಸಣ್ಣ ಎದ್ದ, ಎರಡೂ ಮೊಣಕಾಲ ಮೇಲೆ ಕೈಯೂರಿ.